ಹೆಸರಿನ ರೇಟು, ಮಿರಗದ ಮಳೆ ಮತ್ತು ಚಾರ್ಟಿನ ಕೆಳಗಿನ ಅಕ್ಷರಗಳು

ನಮ್ಮ ಮಿನಿ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದು ಸರಳ ವಿಷಯ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದಲ್ಲಿ ಮುಂಗಾರಿಗೆ ಬೆಳೆಯುವ ಹೆಸರಿನ ಮಾರುಕಟ್ಟೆ ದರವನ್ನು ಲೈನ್ ಚಾರ್ಟಿನಲ್ಲಿ ತೋರಿಸುವ ಒಂದು ವೆಬ್‌ಪುಟ. (ಹೆಸರು ಅಂದರೆ ಹೆಸರುಕಾಳು. ಕೋಡಿನಲ್ಲಿ ‘ಹೆಸರು’ ಅಂತ ವೇರಿಯೇಬಲ್ ಇಟ್ಟು, ಅದು ನೇಮ್ ಅಂತ ತಿಳಿದುಕೊಂಡ ಟೀಮ್‌ಮೇಟ್ ಒಬ್ಬ ಅರ್ಧ ದಿನ ಹಾಳು ಮಾಡಿಕೊಂಡ, ಅದು ಬೇರೆ ಕಥೆ.) ಡೇಟಾ ಸಿಗುವುದು ಕಷ್ಟವೇನಲ್ಲ. ಕೇಂದ್ರದ ಆಗ್‌ಮಾರ್ಕ್‌ನೆಟ್, ರಾಜ್ಯದ ಕೃಷಿ ಮಾರಾಟ ವಾಹಿನಿ ಎರಡರಲ್ಲೂ ಎಪಿಎಂಸಿವಾರು ದಿನದ ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ ಸಿಗುತ್ತವೆ. ಚಾರ್ಟ್ ಜೆಎಸ್ ಹಾಕಿದೆವು, ಹತ್ತು ಸಾಲು ಕೋಡ್ ಬರೆದೆವು, ಗೆರೆ ಬಂತು. ಮುಗೀತು ಅಂದುಕೊಂಡೆವು.

ಊರಿಗೆ ಹೋದಾಗ ಕಾಕಾಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ಮೊಬೈಲ್ ಆಕಡೆ ಈಕಡೆ ಹೊರಳಿಸಿ ನೋಡಿ ಕೇಳಿದರು: “ಗೆರಿ ಏರಿ ಇಳದೈತಿ, ಅದು ಖರೆ. ಆದ್ರ ಇದು ಯಾವ ತಿಂಗಳದ್ದು? ಬೆಂಬಲ ಬೆಲಿ ಇದಕ್ಕಿಂತ ಮ್ಯಾಲೋ ಕೆಳಗೋ?”

ಎರಡಕ್ಕೂ ನನ್ನ ಚಾರ್ಟಿನಲ್ಲಿ ಉತ್ತರ ಇರಲಿಲ್ಲ. ಕೆಳಗೆ ತಾರೀಖುಗಳು ಓರೆಯಾಗಿ ಒಂದರ ಮೇಲೊಂದು ಬಿದ್ದಂತೆ ನಿಂತಿದ್ದವು. ಎಡಕ್ಕೆ 6,900, 7,000, 7,100 ಅಂತ ಏಣಿ ಮೆಟ್ಟಿಲು. ಗೆರೆ ಸರಿ ಇತ್ತು, ಗೆರೆಯನ್ನು ಓದುವ ದಾರಿ ಇರಲಿಲ್ಲ. ಆಮೇಲೆ ಎರಡು ವಾರ ನಾವು ಮಾಡಿದ್ದು ಬರೀ ಟಿಕ್ ಲೇಬಲ್ ಕೆಲಸ. ಅದರಲ್ಲಿ ಕಲಿತದ್ದು ಇಲ್ಲಿದೆ.

ಒಂದು ಸೂಚನೆ. ಆಪ್ಶನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬಿಡಿಸಿ ಬರೆದಿದ್ದೇನೆ. ಕೋಡಿನಲ್ಲಿ ಸ್ಪೇಸ್ ತೆಗೆದು ಕ್ಯಾಮೆಲ್ ಕೇಸ್‌ನಲ್ಲಿ ಬರೀರಿ.

ಲೈಬ್ರರಿ ಏನು ಊಹೆ ಮಾಡುತ್ತದೆ

ಎಸ್‌ಎಸ್‌ಎಲ್‌ಸಿಯಲ್ಲಿ ಗ್ರಾಫ್ ಶೀಟಿನ ಮೂಲೆಯಲ್ಲಿ ‘ಪ್ರಮಾಣ: 1 ಸೆಂ.ಮೀ = 1 ಮಾನ’ ಅಂತ ಬರೆಯದಿದ್ದರೆ ಮಾರ್ಕ್ಸ್ ಹೋಗುತ್ತಿತ್ತು, ನೆನಪಿದೆಯಾ? ಪ್ರಮಾಣ ನಾವೇ ಆರಿಸುತ್ತಿದ್ದೆವು. ಚಾರ್ಟ್ ಲೈಬ್ರರಿಯಲ್ಲಿ ಆ ಆಯ್ಕೆಯನ್ನು ಅದಕ್ಕೇ ಬಿಟ್ಟುಬಿಡುತ್ತೇವೆ. ಅದು ಡೇಟಾದ ಕನಿಷ್ಠ, ಗರಿಷ್ಠ ನೋಡಿ, ನಡುವೆ ‘ಚೆಂದದ’ ಸಂಖ್ಯೆಗಳನ್ನು ಕೂರಿಸುತ್ತದೆ. ಪಾಲ್ ಹೆಕ್‌ಬರ್ಟ್ 1990ರ ‘ಗ್ರಾಫಿಕ್ಸ್ ಜೆಮ್ಸ್’ ಪುಸ್ತಕದಲ್ಲಿ ಇದಕ್ಕೊಂದು ಪುಟ್ಟ ಅಲ್ಗಾರಿದಮ್ ಕೊಟ್ಟಿದ್ದಾರೆ: ಹೆಜ್ಜೆಯ ಅಳತೆ 1, 2, 5 ಅಥವಾ ಅವುಗಳನ್ನು ಹತ್ತರ ಘಾತದಿಂದ ಗುಣಿಸಿದ್ದು ಇರಬೇಕು. ಇವತ್ತಿನ ಚಾರ್ಟ್ ಜೆಎಸ್, ಡಿ3 ಎರಡೂ ಸುಮಾರಾಗಿ ಇದೇ ದಾರಿ ಹಿಡಿಯುತ್ತವೆ.

ಚಾರ್ಟ್ ಜೆಎಸ್‌ನ ಡೀಫಾಲ್ಟ್‌ಗಳಲ್ಲಿ ಮೂರು ತಿಳಿದಿದ್ದರೆ ಸಾಕು. ‘ಮ್ಯಾಕ್ಸ್ ಟಿಕ್ಸ್ ಲಿಮಿಟ್’ 11. ‘ಆಟೋ ಸ್ಕಿಪ್’ ಆನ್ ಇರುತ್ತದೆ, ಅಂದರೆ ಜಾಗ ಸಾಲದಿದ್ದರೆ ಕೆಲವು ಲೇಬಲ್ ತಾನೇ ಹಾರಿಸುತ್ತದೆ. ‘ಮ್ಯಾಕ್ಸ್ ರೊಟೇಶನ್’ 50 ಡಿಗ್ರಿ, ಹಾರಿಸುವ ಮೊದಲು ಅಕ್ಷರ ಓರೆ ಮಾಡಿ ನೋಡುತ್ತದೆ. ಇಂಗ್ಲಿಷಿಗೆ ಓರೆ ಅಕ್ಷರ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಜೋತಾಡುತ್ತದೆ, ಮೇಲೆ ಗುಡಿಸು, ಏತ್ವ. 10 ಪಿಕ್ಸೆಲ್ ಅಳತೆಯಲ್ಲಿ ‘ಅಕ್ಟೋಬರ್’ ಅನ್ನು 50 ಡಿಗ್ರಿ ತಿರುಗಿಸಿ ನೋಡ್ರಿ, ಇರುವೆ ಸಾಲು ಕಂಡಂಗ ಕಾಣ್ತದ. ನಾವು ಮೊದಲು ಮಾಡಿದ್ದು ಮ್ಯಾಕ್ಸ್ ರೊಟೇಶನ್ ಸೊನ್ನೆಗೆ ಇಳಿಸಿದ್ದು. ಜಾಗ ಸಾಲದಿದ್ದರೆ ಲೇಬಲ್ ಕಡಿಮೆ ಆಗಲಿ, ಓರೆ ಆಗುವುದು ಬೇಡ.

ಯಾವ ತಿಂಗಳದ್ದು?

ಮೊದಲ ತಪ್ಪು ಲೇಬಲ್‌ದಲ್ಲ, ಅಕ್ಷದ್ದು. ತಾರೀಖುಗಳನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ಚಾರ್ಟ್ ಜೆಎಸ್ ಅದನ್ನು ‘ಕೆಟಗರಿ’ ಅಕ್ಷ ಅಂತ ತಿಳಿಯುತ್ತದೆ. ಅದಕ್ಕೆ ‘28 ಸೆಪ್ಟೆಂಬರ್’ ಮತ್ತು ‘11 ನವೆಂಬರ್’ ಅಂದರೆ ‘ಸೇಬು’ ಮತ್ತು ‘ಬಾಳೆಹಣ್ಣು’ ಇದ್ದ ಹಾಗೆ, ಪಕ್ಕಪಕ್ಕದ ಎರಡು ಡಬ್ಬಿ ಅಷ್ಟೇ. ಹೆಸರು ಜೂನಿನಲ್ಲಿ ಬಿತ್ತಿ ಎರಡು, ಎರಡೂವರೆ ತಿಂಗಳಲ್ಲಿ ಬರುವ ಬೆಳೆ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ತನಕ ಆವಕ ಜೋರು, ಆಮೇಲೆ ತೆಳು. ಸೀಸನ್ನಿನಲ್ಲಿ ದಿನಕ್ಕೊಂದು ಬಿಂದು, ಆಮೇಲೆ ಯಾವಾಗಲೋ ಒಂದು. ಕೆಟಗರಿ ಅಕ್ಷದಲ್ಲಿ ಎರಡಕ್ಕೂ ಸಮಾನ ಅಂತರ ಬೀಳುತ್ತದೆ. ಆರು ವಾರದಲ್ಲಿ ನಿಧಾನಕ್ಕೆ ಏರಿದ ರೇಟು ಒಂದೇ ರಾತ್ರಿಯಲ್ಲಿ ಜಿಗಿದಂತೆ ಕಾಣುತ್ತದೆ. ಕಾಳು ಇಟ್ಟುಕೊಳ್ಳಬೇಕೋ ಮಾರಬೇಕೋ ಅಂತ ನೋಡುವವರಿಗೆ ಇದು ಸಣ್ಣ ತಪ್ಪಲ್ಲ.

ಆದ್ದರಿಂದ ‘ಟೈಮ್’ ಅಕ್ಷ ಹಾಕಿ. ಚಾರ್ಟ್ ಜೆಎಸ್ 3ರಿಂದ ಇದಕ್ಕೆ ಡೇಟ್ ಅಡಾಪ್ಟರ್ ಬೇರೆಯಾಗಿ ಸೇರಿಸಬೇಕು (ಡೇಟ್-ಎಫ್‌ಎನ್‌ಎಸ್ ಅಥವಾ ಲಕ್ಸನ್‌ದು), ಇಲ್ಲದಿದ್ದರೆ ‘ಮೆಥಡ್ ಇಂಪ್ಲಿಮೆಂಟ್ ಆಗಿಲ್ಲ’ ಅನ್ನೋ ಎರರ್ ಬಂದು ಚಾರ್ಟೇ ಮೂಡುವುದಿಲ್ಲ. ‘ಯೂನಿಟ್’ ತಿಂಗಳಿಗೆ ಇಟ್ಟರೆ ಟಿಕ್‌ಗಳು ತಿಂಗಳ ಮೊದಲಿಗೆ ತಾವೇ ಬರುತ್ತವೆ. ಜೊತೆಗೆ ‘ಸ್ಪ್ಯಾನ್ ಗ್ಯಾಪ್ಸ್’ಗೆ ಟ್ರೂ ಬದಲು ಒಂದು ಸಂಖ್ಯೆ, ಉದಾಹರಣೆಗೆ ಹದಿನೈದು ದಿನದ ಮಿಲಿಸೆಕೆಂಡ್, ಕೊಟ್ಟರೆ ಅದಕ್ಕಿಂತ ದೊಡ್ಡ ಅಂತರದಲ್ಲಿ ಗೆರೆ ಕಡಿಯುತ್ತದೆ. ವ್ಯಾಪಾರವೇ ಇಲ್ಲದ ತಿಂಗಳಲ್ಲಿ ಗೆರೆ ಎಳೆದು ರೇಟು ಇತ್ತು ಅಂತ ಸುಳ್ಳು ಹೇಳುವುದು ತಪ್ಪುತ್ತದೆ.

ಕೆಟಗರಿ ಅಕ್ಷವನ್ನೇ ಇಟ್ಟುಕೊಳ್ಳಬೇಕಾದ ಸಂದರ್ಭವೂ ಇರುತ್ತದೆ. ಆಗ ‘ಕಾಲ್‌ಬ್ಯಾಕ್’ ಬರೆಯುತ್ತೇವೆ, ಅಲ್ಲಿ ಮೂರು ಕಡೆ ಕಾಲು ಜಾರುತ್ತದೆ. ನಾವು ಮೂರೂ ಕಡೆ ಜಾರಿದ್ದೇವೆ.

ಕಾಲ್‌ಬ್ಯಾಕಿಗೆ ಮೊದಲ ಆರ್ಗ್ಯುಮೆಂಟ್ ಆಗಿ ಬರುವುದು ನಿಮ್ಮ ಲೇಬಲ್ ಅಲ್ಲ, ಅದರ ಇಂಡೆಕ್ಸ್. ಲೇಬಲ್ ಬೇಕಾದರೆ ‘ದಿಸ್’ ಮೇಲೆ ‘ಗೆಟ್ ಲೇಬಲ್ ಫಾರ್ ವ್ಯಾಲ್ಯೂ’ ಕರೆಯಬೇಕು. ಆರೋ ಫಂಕ್ಷನ್ ಬರೆದಿದ್ದರೆ ‘ದಿಸ್’ ಅಕ್ಷವನ್ನು ತೋರಿಸುವುದಿಲ್ಲ, ಹಾಗಾಗಿ ಹಳೆಯ ‘ಫಂಕ್ಷನ್’ ಪದ ಹಾಕಿಯೇ ಬರೀರಿ. ಟೈಮ್ ಅಕ್ಷದಲ್ಲಿ ವರ್ಷನ್ ನೋಡಿಕೊಳ್ಳಿ: 3ರಲ್ಲಿ ಫಾರ್ಮ್ಯಾಟ್ ಆದ ಬರಹ ಬರುತ್ತಿತ್ತು, 4ರಲ್ಲಿ ಟೈಮ್‌ಸ್ಟ್ಯಾಂಪ್ ಬರುತ್ತದೆ. ಇಂಟರ್ನೆಟ್ಟಿನ ಅರ್ಧ ಉತ್ತರಗಳು ಇನ್ನೂ 2ರ ಕಾಲದವು.

ಎರಡನೆಯದು, ಬೇಡದ ಲೇಬಲ್ ಅಡಗಿಸುವಾಗ ಖಾಲಿ ಸ್ಟ್ರಿಂಗ್ ಕೊಡುವುದೋ ನಲ್ ಕೊಡುವುದೋ? ಎರಡೂ ಒಂದೇ ಅಲ್ಲ. ಖಾಲಿ ಸ್ಟ್ರಿಂಗ್ ಕೊಟ್ಟರೆ ಬರಹ ಮಾತ್ರ ಹೋಗುತ್ತದೆ, ಟಿಕ್ಕೂ ಗ್ರಿಡ್ ಗೆರೆಯೂ ಉಳಿಯುತ್ತವೆ. ನಲ್ ಕೊಟ್ಟರೆ ಟಿಕ್ಕೇ ಹೋಗುತ್ತದೆ. ಮಜಾ ಬರುವುದು ಆಟೋ ಸ್ಕಿಪ್ ಜೊತೆ ಸೇರಿದಾಗ. ಕಾಲ್‌ಬ್ಯಾಕ್ ಮೊದಲು ಓಡುತ್ತದೆ, ಆಟೋ ಸ್ಕಿಪ್ ಆಮೇಲೆ. ಎಪ್ಪತ್ತು ಬಿಂದುಗಳಲ್ಲಿ ಮೂರಕ್ಕೆ ಮಾತ್ರ ತಿಂಗಳ ಹೆಸರು ಕೊಟ್ಟು ಉಳಿದವಕ್ಕೆ ಖಾಲಿ ಸ್ಟ್ರಿಂಗ್ ಕೊಟ್ಟೆವು ಅಂದುಕೊಳ್ಳಿ. ಆಟೋ ಸ್ಕಿಪ್ ಬಂದು ಸಮಾನ ಅಂತರದಲ್ಲಿ ಇಂತಿಷ್ಟಕ್ಕೊಂದು ಅಂತ ಉಳಿಸಿ ಮಿಕ್ಕಿದ್ದು ತೆಗೆಯುತ್ತದೆ. ಅದು ಉಳಿಸಿದ್ದು ಖಾಲಿ ಟಿಕ್‌ಗಳು, ತೆಗೆದದ್ದು ನಮ್ಮ ತಿಂಗಳುಗಳು! ಅಕ್ಷದಲ್ಲಿ ಒಂದು ಅಕ್ಷರವೂ ಇಲ್ಲ. ನಲ್ ಕೊಟ್ಟರೆ ಮೂರೇ ಟಿಕ್ ಉಳಿಯುತ್ತವೆ, ಜಾಗ ಬೇಕಾದಷ್ಟಿರುತ್ತದೆ, ಮೂರೂ ಕಾಣುತ್ತವೆ.

ಮೂರನೆಯದು ಮಾರುಕಟ್ಟೆಯ ತಪ್ಪಲ್ಲ, ನಮ್ಮದೇ. ತಿಂಗಳ ಹೆಸರು ಯಾವಾಗ ತೋರಿಸಬೇಕು? ‘ತಾರೀಖು 1 ಇದ್ದಾಗ’ ಅಂತ ಬರೆದೆವು. ಆಗಸ್ಟ್ ಬಂತು, ಸೆಪ್ಟೆಂಬರ್ ಬರಲೇ ಇಲ್ಲ. 2024ರ ಸೆಪ್ಟೆಂಬರ್ 1 ಭಾನುವಾರ. ಅವತ್ತು ವ್ಯಾಪಾರ ಇಲ್ಲ, ಡೇಟಾ ಇಲ್ಲ, ಲೇಬಲ್ ಇಲ್ಲ. ಸರಿಯಾದ ಪ್ರಶ್ನೆ ‘ಇದು ಒಂದನೇ ತಾರೀಖಾ’ ಅಲ್ಲ, ‘ಹಿಂದಿನ ಬಿಂದುವಿನ ತಿಂಗಳು ಬೇರೆಯಾ’ ಅನ್ನುವುದು.

ತಾರೀಖಿನ ಬಗ್ಗೆ ಇನ್ನೊಂದು. ಜಾವಾಸ್ಕ್ರಿಪ್ಟಿನಲ್ಲಿ ವರ್ಷ, ತಿಂಗಳು, ದಿನ ಬೇರೆಬೇರೆ ಕೊಟ್ಟು ಸೆಪ್ಟೆಂಬರ್ 1 ಅಂತ ಡೇಟ್ ಮಾಡಿದರೆ ಅದು ನಮ್ಮ ಮಧ್ಯರಾತ್ರಿ. ಅದಕ್ಕೆ ‘ಟು ಐಎಸ್‌ಒ ಸ್ಟ್ರಿಂಗ್’ ಹಚ್ಚಿ ಮೊದಲ ಹತ್ತು ಅಕ್ಷರ ಕತ್ತರಿಸಿದರೆ ಬರುವುದು ಆಗಸ್ಟ್ 31. ಯುಟಿಸಿ ನಮಗಿಂತ ಐದೂವರೆ ತಾಸು ಹಿಂದೆ, ಅಲ್ಲಿ ಇನ್ನೂ ಸಂಜೆ 6:30. ಲೇಬಲ್ ಒಂದು ದಿನ ಹಿಂದೆ ಸರಿದಿರುವುದು ಕಣ್ಣಿಗೆ ಬೀಳುವುದೇ ಇಲ್ಲ, ಯಾರಾದರೂ ಪಟ್ಟಿ ಹಿಡಿದು ಕೂಡುವ ತನಕ.

ಕನ್ನಡ ಲೇಬಲ್ ಅಂದಮೇಲೆ

ತಿಂಗಳ ಹೆಸರು ಚಿಕ್ಕದು ಮಾಡಲು ಇಂಗ್ಲಿಷಿನಲ್ಲಿ ಮೊದಲ ಮೂರು ಅಕ್ಷರ ಸ್ಲೈಸ್ ಮಾಡುತ್ತೇವೆ. ಅದನ್ನೇ ಕನ್ನಡಕ್ಕೆ ಮಾಡಿದರೆ ‘ಆಗಸ್ಟ್’ ಹೋಗಿ ‘ಆಗಸ’ ಆಗುತ್ತದೆ, ‘ಜುಲೈ’ ‘ಜುಲ’ ಆಗುತ್ತದೆ, ‘ಏಪ್ರಿಲ್’ ‘ಏಪ್’ ಆಗಿ ನಿಲ್ಲುತ್ತದೆ. ಸ್ಲೈಸ್ ಎಣಿಸುವುದು ನಮ್ಮ ಅಕ್ಷರವನ್ನಲ್ಲ, ಕೋಡ್ ಯೂನಿಟ್‌ಗಳನ್ನು. ಕೊಂಬು, ಏತ್ವ, ವಿರಾಮ ಎಲ್ಲಕ್ಕೂ ಒಂದೊಂದು. ಹನ್ನೆರಡೇ ತಿಂಗಳು ಇರೋದು, ಒಂದು ಅರೇಯಲ್ಲಿ ಕೈಯಾರೆ ಬರೆದಿಟ್ಟುಕೊಳ್ಳಿ: ಸೆಪ್ಟೆಂ, ಅಕ್ಟೋ, ನವೆಂ. ತೀರ ಚಿಕ್ಕದು ಮಾಡಿ ‘ಜೂ’, ‘ಜು’ ಅಂತ ಇಡಬೇಡಿ. ಜೂನ್ ಜುಲೈ ನಡುವೆ ದೀರ್ಘ ಒಂದರದ್ದೇ ವ್ಯತ್ಯಾಸ, ಐದಿಂಚಿನ ಸ್ಕ್ರೀನಿನಲ್ಲಿ ಅದು ಯಾರಿಗೂ ಕಾಣಂಗಿಲ್ಲ.

ಅಂಕಿಗಳಿಗೆ ಬ್ರೌಸರಿನ ‘ಇಂಟ್ಲ್’ ಇದೆ. ಕನ್ನಡ ಲೋಕೇಲ್ ‘ಕೆಎನ್-ಐಎನ್’ ಕೊಟ್ಟರೂ ಅಂಕಿ 1, 2, 3 ಅಂತಲೇ ಬರುತ್ತವೆ. ೧, ೨, ೩ ಬೇಕಾದರೆ ಲೋಕೇಲಿನ ಬಾಲಕ್ಕೆ ‘ಯು-ಎನ್‌ಯು-ಕೆಎನ್‌ಡಿಎ’ ಸೇರಿಸಬೇಕು. ನಾವು 1, 2, 3 ಅನ್ನೇ ಉಳಿಸಿಕೊಂಡೆವು, ಎಪಿಎಂಸಿ ಪಟ್ಟಿಯಲ್ಲಿ ಎಲ್ಲರೂ ನೋಡಿ ರೂಢಿಯಾದದ್ದು ಅದೇ. ಆದರೆ ಅಲ್ಪವಿರಾಮ ಮುಖ್ಯ. ಚಾರ್ಟಿನ ‘ಲೋಕೇಲ್’ ಅಮೆರಿಕದ್ದಿದ್ದರೆ ಒಂದೂವರೆ ಲಕ್ಷ 150,000 ಆಗುತ್ತದೆ, ‘ಇಎನ್-ಐಎನ್’ ಇಟ್ಟರೆ 1,50,000. ನಿಮ್ಮದೇ ಕಾಲ್‌ಬ್ಯಾಕ್ ಬರೆದ ಕ್ಷಣ ಚಾರ್ಟಿನ ಫಾರ್ಮ್ಯಾಟಿಂಗ್ ಹೋಗುತ್ತದೆ, ಅದರೊಳಗೆ ಮತ್ತೆ ‘ಟು ಲೋಕೇಲ್ ಸ್ಟ್ರಿಂಗ್’ ಕರೆಯಬೇಕು.

ಚಾರ್ಟ್ ಜೆಎಸ್ ಬರೆಯುವುದು ಕ್ಯಾನ್ವಾಸ್ ಮೇಲೆ. ಕನ್ನಡ ವೆಬ್‌ಫಾಂಟ್ ಇನ್ನೂ ಇಳಿಯುತ್ತಿರುವಾಗಲೇ ಚಾರ್ಟ್ ಮೂಡಿದರೆ ಬೇರೆ ಫಾಂಟಿನ ಅಗಲ ಅಳೆದು ಜಾಗ ಹಂಚಿಬಿಡುತ್ತದೆ. ‘ಡಾಕ್ಯುಮೆಂಟ್ ಫಾಂಟ್ಸ್ ರೆಡಿ’ ಆದಮೇಲೆ ಚಾರ್ಟ್ ಕಟ್ಟಿದರೆ ಈ ತಂಟೆ ಇಲ್ಲ.

ಮ್ಯಾಲೋ ಕೆಳಗೋ?

ಕಾಕಾನ ಎರಡನೇ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು.

ಹೆಸರಿಗೆ ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್ಲಿಗೆ 2023-24ರಲ್ಲಿ 8,558 ರೂಪಾಯಿ, 2024-25ರಲ್ಲಿ 8,682, 2025-26ರಲ್ಲಿ 8,768. ಈಗ ನಿಮ್ಮ ಡೇಟಾ 6,900ರಿಂದ 7,700ರ ನಡುವೆ ಓಡಾಡಿದೆ ಅಂದುಕೊಳ್ಳಿ. ಲೈಬ್ರರಿ ಡೇಟಾವನ್ನಷ್ಟೇ ನೋಡಿ ಅಕ್ಷ ಕಟ್ಟುತ್ತದೆ. ಮೇಲಿನ ಲೇಬಲ್ 7,700ಕ್ಕೆ ನಿಲ್ಲುತ್ತದೆ, 8,682 ಚಾರ್ಟಿನ ಹೊರಗೇ ಉಳಿಯುತ್ತದೆ. 7,700 ಮುಟ್ಟಿದ ದಿನ ಗೆರೆ ನೆತ್ತಿಗೆ ತಾಗಿ ‘ಭಾರಿ ರೇಟು’ ಅಂತ ಕಾಣುತ್ತದೆ, ನಿಜವಾಗಿ ಅವತ್ತೂ ರೈತನಿಗೆ ಬೆಂಬಲ ಬೆಲೆಗಿಂತ ಸುಮಾರು ಸಾವಿರ ರೂಪಾಯಿ ಕಡಿಮೆ. ಯಾರೂ ಸುಳ್ಳು ಬರೆದಿಲ್ಲ. ಪ್ರತಿ ಬಿಂದುವೂ ಸರಿ. ಅಕ್ಷ ಮಾತ್ರ, ಕೇಳಬೇಕಾದ ಪ್ರಶ್ನೆಯನ್ನು ಚೌಕಟ್ಟಿನಿಂದ ಆಚೆ ಇಟ್ಟಿದೆ.

ಮಾಡಬೇಕಾದದ್ದು ಎರಡು ಕೆಲಸ. ‘ಸಜೆಸ್ಟೆಡ್ ಮ್ಯಾಕ್ಸ್’ ಅನ್ನು 8,682ಕ್ಕಿಂತ ತುಸು ಮೇಲೆ ಇಡಿ, ಬೆಂಬಲ ಬೆಲೆ ಯಾವಾಗಲೂ ಒಳಗೆ ಬರುತ್ತದೆ. ದರ ಅದನ್ನೂ ದಾಟಿದರೆ ಅಕ್ಷ ತಾನೇ ಹಿಗ್ಗುತ್ತದೆ (ಬರೀ ‘ಮ್ಯಾಕ್ಸ್’ ಇಟ್ಟರೆ ಹಿಗ್ಗುವುದಿಲ್ಲ, ಗೆರೆ ಕತ್ತರಿಸಿ ಹೋಗುತ್ತದೆ). ಆಮೇಲೆ ‘ಆಫ್ಟರ್ ಬಿಲ್ಡ್ ಟಿಕ್ಸ್’ ಅನ್ನೋ ಕಾಲ್‌ಬ್ಯಾಕಿನಲ್ಲಿ ಅಕ್ಷದ ಟಿಕ್ ಅರೇಗೆ 8,682 ಬೆಲೆಯ ಒಂದು ಟಿಕ್ ಸೇರಿಸಿ, ಕ್ರಮಕ್ಕೆ ಹಚ್ಚಿ. ಅದಕ್ಕೆ ತೀರ ಹತ್ತಿರ ಇರುವ ದುಂಡು ಸಂಖ್ಯೆಯ ಟಿಕ್, ಉದಾಹರಣೆಗೆ 8,700, ತೆಗೆದುಹಾಕಿ, ಇಲ್ಲದಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಈ ಅಕ್ಷಕ್ಕೆ ಆಟೋ ಸ್ಕಿಪ್ ಆಫ್ ಮಾಡಿ, ಕಷ್ಟಪಟ್ಟು ಸೇರಿಸಿದ ಟಿಕ್ ಅನ್ನೇ ಅದು ಹಾರಿಸಬಾರದು. ‘ಸ್ಟೆಪ್ ಸೈಜ್’ 500 ಇಟ್ಟರೆ ಮಿಕ್ಕ ಲೇಬಲ್ ವಿರಳವಾಗುತ್ತವೆ. ಗ್ರಿಡ್ ‘ಕಲರ್’ಗೆ ಬಣ್ಣದ ಬದಲು ಫಂಕ್ಷನ್ ಕೊಡಬಹುದು: ಟಿಕ್‌ನ ಬೆಲೆ 8,682 ಇದ್ದರೆ ಕೆಂಪು, ಇಲ್ಲದಿದ್ದರೆ ತೆಳು ಬೂದಿ. ಲೇಬಲ್ಲಿನಲ್ಲಿ ಅರೇ ವಾಪಸ್ ಕೊಟ್ಟರೆ ಎರಡು ಸಾಲು ಬರುತ್ತದೆ, ಮೇಲೆ ‘ಬೆಂಬಲ ಬೆಲೆ’, ಕೆಳಗೆ ‘₹8,682’.

ಇದು ಒಂದೇ ಹಂಗಾಮಿನ ಚಾರ್ಟಿಗೆ ಮಾತ್ರ. ಮೂರು ವರ್ಷದ ದರ ಒಟ್ಟಿಗೆ ತೋರಿಸುವಾಗ ಒಂದೇ ಟಿಕ್ ಹಾಕಿದರೆ ಅದೂ ಸುಳ್ಳೇ. ಆಗ ಬೆಂಬಲ ಬೆಲೆಯನ್ನು ಎರಡನೇ ಡೇಟಾಸೆಟ್ ಮಾಡಿ ‘ಸ್ಟೆಪ್ಡ್’ ಆನ್ ಮಾಡಿ, ವರ್ಷಕ್ಕೊಂದು ಮೆಟ್ಟಿಲು ಬರುತ್ತದೆ.

ಕುಂದಗೋಳ ಕಡೆಯ ಗೆಳೆಯರು ಮೆಣಸಿನಕಾಯಿಗೆ ಇದನ್ನೇ ಮಾಡಲು ಹೊರಟರೆ ಒಂದು ತೊಡಕಿದೆ: ಬ್ಯಾಡಗಿ ಮೆಣಸಿನಕಾಯಿಗೆ ಅಂಥ ಬೆಂಬಲ ಬೆಲೆ ಪಟ್ಟಿಯಲ್ಲಿಲ್ಲ. ರೈತ ಹೋಲಿಸುವುದು ಹೋದ ವಾರದ ರೇಟಿಗೆ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿತಕ್ಕೆ ಸಿಟ್ಟಾದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರಬಹುದು. ಅಂಥ ಕುಸಿತವನ್ನು ಸೊನ್ನೆಯಿಂದ ಶುರುವಾಗುವ, ತೀರ ಎತ್ತರದ ಅಕ್ಷದಲ್ಲಿ ಇಟ್ಟರೆ ಸಣ್ಣ ಇಳಿಜಾರು. ಬಿಗಿಯಾದ ಅಕ್ಷದಲ್ಲಿ ಇಟ್ಟರೆ ಪ್ರಪಾತ. ಲೈನ್ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು ಅಂತ ನಾನು ಹೇಳುವುದಿಲ್ಲ. ಎಲ್ಲಿಂದ ಶುರು ಅನ್ನುವುದು ಕೆಳಗಿನ ಮೊದಲ ಲೇಬಲ್ಲಿನಲ್ಲಿ ಎದ್ದು ಕಾಣಬೇಕು, ಅದನ್ನು ಮಾತ್ರ ಅಡಗಿಸಬೇಡಿ.

ಮಳೆಗೆ ಯಾವ ತಾರೀಖು?

ದರದ ಚಾರ್ಟ್ ಸರಿಯಾದ ಮೇಲೆ ಮಳೆಯದೊಂದು ಸೇರಿಸಿದೆವು. ಜೂನಿನಿಂದ ಬಿದ್ದ ಮಳೆಯನ್ನು ಕೂಡಿಸುತ್ತ ಹೋಗುವ ಗೆರೆ, ಮಿಲಿಮೀಟರಿನಲ್ಲಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಗಿನ 8:30ಕ್ಕೆ. ‘ಜೂನ್ 8’ ಅಂತ ಇರುವ ಅಂಕಿಯಲ್ಲಿ 7ರ ರಾತ್ರಿ ಬಿದ್ದ ಮಳೆ ಸೇರಿರುತ್ತದೆ. ಇದನ್ನು ಅಕ್ಷದ ಟೈಟಲ್ಲಿನಲ್ಲಿ ಒಂದು ಸಾಲು ಬರೆದೆವು.

ಕಲಘಟಗಿ ಮಲೆನಾಡಿನ ಸೆರಗು, ನವಲಗುಂದ ಬಯಲು. ಎರಡಕ್ಕೂ ಬೇರೆಬೇರೆ ಚಾರ್ಟ್ ಮಾಡಿದಾಗ ಎರಡೂ ಗೆರೆ ಎಡಮೂಲೆಯಿಂದ ಬಲಮೂಲೆಗೆ ಒಂದೇ ಥರ ಏರಿದವು! ಪ್ರತಿ ಅಕ್ಷ ತನ್ನ ಡೇಟಾಕ್ಕೆ ತಕ್ಕಂತೆ ಹಿಗ್ಗಿತ್ತು. ಲೇಬಲ್ ಓದಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಗೆರೆ ನೋಡಿದವರಿಗೆ ಇಲ್ಲ. ಎರಡಕ್ಕೂ ಒಂದೇ ‘ಮ್ಯಾಕ್ಸ್’ ಇಟ್ಟೆವು.

ಇನ್ನು ಕೆಳಗಿನ ಅಕ್ಷ. ‘ಜೂನ್, ಜುಲೈ, ಆಗಸ್ಟ್’ ನೋಡಿ ಕಾಕಾ ಅಂದರು: “ಮಳಿಗೆ ತಿಂಗಳಾ ಹೇಳ್ತಾರೇನೋ? ಮಿರಗ ಎಷ್ಟಾತು, ಆರಿದ್ರಾ ಎಷ್ಟಾತು, ಅದನ್ನ ಹೇಳು.”

ಮಳೆ ನಕ್ಷತ್ರ ಅಂದರೆ ಸೂರ್ಯ ಒಂದು ನಕ್ಷತ್ರದಲ್ಲಿ ಇರುವ ಅವಧಿ. 360 ಡಿಗ್ರಿಯನ್ನು 27 ಪಾಲು ಮಾಡಿದರೆ ಒಂದಕ್ಕೆ 13 ಚಿಲ್ಲರೆ ಡಿಗ್ರಿ, ಹಾಗಾಗಿ ಒಂದೊಂದು ಮಳೆ 13-14 ದಿನ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8, ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷಾ ಆಗಸ್ಟ್ 3, ಮಘಾ ಆಗಸ್ಟ್ 17, ಹುಬ್ಬಾ ಆಗಸ್ಟ್ 30. ವರ್ಷಕ್ಕೆ ಒಂದು ದಿನ ಆಚೀಚೆ, ನಿಖರ ತಾರೀಖು ಆ ವರ್ಷದ ಪಂಚಾಂಗದಿಂದ ತಗೊಳ್ಳಿ. ಈ ಅಂತರವನ್ನು ಯಾವ ಲೈಬ್ರರಿಯ ಯಾವ ‘ಯೂನಿಟ್’ ಕೂಡ ಕೊಡುವುದಿಲ್ಲ. ದಿನ, ವಾರ, ತಿಂಗಳು ಅಷ್ಟೇ ಅದಕ್ಕೆ ಗೊತ್ತು.

ಇಲ್ಲಿ ಟೈಮ್ ಅಕ್ಷಕ್ಕಿಂತ ‘ಲೀನಿಯರ್’ ಅಕ್ಷವೇ ಹಗುರ. ತಾರೀಖನ್ನು ‘ಗೆಟ್ ಟೈಮ್’ನಿಂದ ಮಿಲಿಸೆಕೆಂಡ್ ಮಾಡಿ ಎಕ್ಸ್ ಬೆಲೆಯಾಗಿ ಕೊಡಿ, ಅಡಾಪ್ಟರ್ ಬೇಕಿಲ್ಲ. ಮಿನ್, ಮ್ಯಾಕ್ಸ್ ನೀವೇ ಇಡಿ. ‘ಆಫ್ಟರ್ ಬಿಲ್ಡ್ ಟಿಕ್ಸ್’ನಲ್ಲಿ ಹಳೆಯ ಟಿಕ್‌ಗಳನ್ನು ಪೂರ್ತಿ ಎಸೆದು, ನಕ್ಷತ್ರ ಶುರುವಾಗುವ ತಾರೀಖುಗಳ ಅರೇಯನ್ನು ಟಿಕ್ ಆಗಿ ಇಡಿ. ಕಾಲ್‌ಬ್ಯಾಕಿನಲ್ಲಿ ಆ ತಾರೀಖಿನ ಮಳೆಯ ಹೆಸರು ವಾಪಸ್ ಕೊಡಿ, ಕೆಳಗಿನ ಸಾಲಿಗೆ ತಾರೀಖು. ಲೇಬಲ್ ಟಿಕ್‌ನ ನಡುಮಧ್ಯೆ ಕೂತರೆ ಮಿರಗ ಅಂದರೆ ಜೂನ್ 8ರ ಒಂದು ದಿನ ಅನ್ನಿಸುತ್ತದೆ. ‘ಅಲೈನ್’ ಅನ್ನು ‘ಸ್ಟಾರ್ಟ್’ ಮಾಡಿದರೆ ಹೆಸರು ಗೆರೆಯಿಂದ ಬಲಕ್ಕೆ ಶುರುವಾಗುತ್ತದೆ, ಆ ಗೆರೆಯಿಂದ ಮುಂದಿನ ಗೆರೆ ತನಕ ಅದರ ಪಾಲು ಅಂತ ತಾನೇ ಗೊತ್ತಾಗುತ್ತದೆ.

ಮೊಬೈಲ್ ಅಗಲಕ್ಕೆ ಎಂಟು ಹೆಸರು ಹಿಡಿಸಲಿಲ್ಲ. ಆಟೋ ಸ್ಕಿಪ್‌ಗೆ ಬಿಟ್ಟರೆ ಅದು ಒಂದು ಬಿಟ್ಟು ಒಂದು ತೆಗೆದು ಆರಿದ್ರಾ ಉಳಿಸಬಹುದು, ಮಿರಗ ಕಳೆಯಬಹುದು. ಅದಕ್ಕೆ ಎಲ್ಲವೂ ಸಮಾನ. ಬಿತ್ತಿಗೆ ನೋಡುವವರಿಗೆ ಸಮಾನ ಅಲ್ಲ. ಆದ್ದರಿಂದ ಚಾರ್ಟಿನ ಅಗಲ 400 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಮಿರಗ, ಪುನರ್ವಸು, ಆಶ್ಲೇಷಾ, ಹುಬ್ಬಿ ಮಾತ್ರ ಇಟ್ಟು ಮಿಕ್ಕವಕ್ಕೆ ಖಾಲಿ ಸ್ಟ್ರಿಂಗ್ ಕೊಟ್ಟೆವು. ಇಲ್ಲಿ ನಲ್ ಅಲ್ಲ, ಖಾಲಿ ಸ್ಟ್ರಿಂಗೇ ಬೇಕು, ಯಾಕಂದ್ರೆ ಗೆರೆಗಳು ಉಳಿಯಬೇಕು. ಆಟೋ ಸ್ಕಿಪ್ ಆಫ್.

ಡಿ3 ಬಳಸುವವರಿಗೆ ಕೆಲಸ ಇನ್ನೂ ನೇರ. ‘ಟಿಕ್ಸ್’ಗೆ ಕೊಡುವ ಸಂಖ್ಯೆ ಬರೀ ಸೂಚನೆ, 5 ಅಂದರೆ 4 ಅಥವಾ 6 ಬಂದರೂ ಬಂತು. ‘ಟಿಕ್ ವ್ಯಾಲ್ಯೂಸ್’ಗೆ ಅರೇ ಕೊಟ್ಟರೆ ಅಷ್ಟೇ, ಅಲ್ಲೇ. ‘ಟಿಕ್ ಫಾರ್ಮ್ಯಾಟ್’ಗೆ ಫಂಕ್ಷನ್. ಲೇಬಲ್‌ಗಳು ಎಸ್‌ವಿಜಿ ಅಕ್ಷರಗಳಾದ್ದರಿಂದ ಆಮೇಲೆ ಸಿಎಸ್‌ಎಸ್ ಹಚ್ಚಲೂ ಬರುತ್ತದೆ. ಎರಡು ಲೇಬಲ್ ಒಂದರ ಮೇಲೊಂದು ಬಿದ್ದರೆ ಮಾತ್ರ ಡಿ3 ನಿಮ್ಮನ್ನು ಕೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ.

ದೀಪಾವಳಿ ರಜೆಗೆ ಹೋದಾಗ ಹೊಸ ಚಾರ್ಟ್ ತೋರಿಸಿದೆ. ಕಾಕಾ ಈ ಸಲ ಮೊಬೈಲ್ ಹೊರಳಿಸಲಿಲ್ಲ. ಕೆಂಪು ಗೆರೆ ನೋಡಿದರು, ಅದರ ಕೆಳಗೆ ಇಡೀ ಸೀಸನ್ ಓಡಿದ ನೀಲಿ ಗೆರೆ ನೋಡಿದರು. ಮಳೆಯ ಚಾರ್ಟಿನಲ್ಲಿ ಹುಬ್ಬಿಯ ತನಕ ಬೆರಳಾಡಿಸಿದರು. “ಇಲ್ಲಿಗೇ ನಿಂತತೇನು? ಹಸ್ತ, ಚಿತ್ತಿ ಇಲ್ಲ? ಈಗ ಕಡ್ಲಿ ಬಿತ್ತೀವಿ, ನಮಗ ಬೇಕಾಗಿದ್ದು ಅದು.” ಅರೇಯಲ್ಲಿ ನಾಲ್ಕು ಸಾಲು ಸೇರಿಸಬೇಕು, ಮ್ಯಾಕ್ಸ್ ಅನ್ನು ನವೆಂಬರಿಗೆ ಒಯ್ಯಬೇಕು. ಮೊಬೈಲಿನಲ್ಲಿ ಹನ್ನೆರಡು ಹೆಸರು ಹೇಗೆ ಹಿಡಿಸಬೇಕು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ನಿಮಗೆ ಹೊಳೆದರೆ ಲ್ಯಾಬಿನಲ್ಲಿ ಸಿಗ್ರಿ.